ನಾಲ್ಕನೇ ವಾಲ್ವು

ದಾಕ್ಷಾಯಣಮ್ಮ: ನಾಲ್ಕನೇದು ಎಲ್ಲಿ ಸಿಕ್ತು ಅಂತ ಕೇಳ್ದೆ.

ಮರುಳಸಿದ್ದಪ್ಪ: ಮೂರು ವಾಲ್ವು ಬೆಂಗಳೂರಿನ ಗುಜರಿ ಅಂಗಡೀಲಿ ಆಯ್ದು ತಂದೆ. ಟ್ರಾನ್ಸ್‌ಫಾರ್ಮರು ದುರ್ಗದಾಗೆ ಸುತ್ತಿಸ್ದೆ. ಅಷ್ಟು ಅಲೆದಿದೀನಿ, ಅದನ್ನ ಕೇಳಲ್ಲ ನೀನು.

ದಾಕ್ಷಾಯಣಮ್ಮ: ನಾಲ್ಕನೇದು.

ಮರುಳಸಿದ್ದಪ್ಪ: ಹೊಸದುರ್ಗ, ಹೊಳಲ್ಕೆರೆ ಎಲ್ಲಾ ಜಾಲಾಡ್ದೆ. ಕೊನೆಗೆ ಇಲ್ಲೇ ಹತ್ರದಾಗೇ ಸಿಕ್ತು.

ದಾಕ್ಷಾಯಣಮ್ಮ: ಹತ್ರ ಅಂದ್ರೆ ನಮ್ಮ ಗೋಡೆ ಗೂಡಿನಾಗೆ. ನಮ್ಮಣ್ಣ ಕೊಡಿಸಿದ ರೇಡಿಯೋ ಹೊಟ್ಟೆ ಬಗೆದು.

ಮರುಳಸಿದ್ದಪ್ಪ ಮೈಕನ್ನು ಪಂಚೆಯ ತುದಿಯಿಂದ ಒರೆಸಿದ. ಯಲ್ಲದಕೆರೆಯಲ್ಲಿ ಮದುವೆಯಾದರೆ ಮೈಕ್‌ಸೆಟ್ಟು ಹಿರಿಯೂರಿನಿಂದ ಬರಬೇಕಿತ್ತು. ಇನ್ನು ಮೇಲೆ ಊರಿನವರು ತನ್ನ ಬಾಗಿಲಿಗೇ ಬರಲಿ ಎಂದು, ಯಾರ ಹತ್ತಿರವೂ ಕಲಿಯದೆ, ಕಡಲೆಕಾಯಿ ಎಣ್ಣೆಯ ಡಬ್ಬ ಕತ್ತರಿಸಿ ಅದರೊಳಗೆ ನಾಲ್ಕು ಗಾಜಿನ ವಾಲ್ವುಗಳ ಆಂಪ್ಲಿಫೈಯರ್ ಕೂರಿಸಿದ್ದ. ಅದರ ತುತ್ತೂರಿಯನ್ನು ಬಸ್ ನಿಲ್ದಾಣಕ್ಕೆ ಮುಖ ಮಾಡಿ ಮಾಳಿಗೆಯ ಮೇಲೆ ಕಟ್ಟಿದ್ದ. ಆದರೆ ಊರಿನ ಪಂಪ್‌ಸೆಟ್ಟುಗಳು ಇದ್ದಬದ್ದ ಕರೆಂಟನ್ನೆಲ್ಲ ಹೀರುತ್ತಿದ್ದವು. ಬೆಳಗಿನಿಂದ ಸ್ವಿಚ್ಚು ಹಾಕಿಯೇ ಇದ್ದರೂ ತುತ್ತೂರಿ ಉಸಿರೆತ್ತಿರಲಿಲ್ಲ.

ದಾಕ್ಷಾಯಣಮ್ಮ: ಅಣ್ಣ ಈಗಿನ ಬಸ್ಸಿಗೇ ಬರ್ತಾನೆ. ಬಂದವನೇ ರೇಡಿಯೋ ಹಾಕು ಅಂತಾನೆ. ಕಿತ್ತು ವಾಪಸ್ ಹಾಕ್ರಿ.

ಮರುಳಸಿದ್ದಪ್ಪ: ತಡಿಯೇ, ವಾಲ್ವು ಬಿಸಿ ಆಗ್ಬೇಕು.

ದಾಕ್ಷಾಯಣಮ್ಮ: ನನ್ನ ಒಲೆ ಮೇಲೆ ಅನ್ನ ಆಯ್ತು, ಸಾರಾಯ್ತು. ಅದನ್ನೂ ತಂದಿಡ್ರಿ, ಬಿಸಿ ಮಾಡಿ ಕೊಡ್ತೀನಿ.

ಮರುಳಸಿದ್ದಪ್ಪ: ವೋಲ್ಟೇಜ್ ಇಲ್ಲ ಕಣೇ. ಪಂಪ್‌ಸೆಟ್ಟು ನಿಲ್ಲಲಿ.

ದಾಕ್ಷಾಯಣಮ್ಮ: ಅವು ನಿಂತ್ರೂ ನಮ್ಮಣ್ಣ ಬರೋದು ನಿಲ್ಲಲ್ಲ. ತವರಿನೋರ ಮುಂದೆ ನನ್ನ ಮಾನ ಹೋಗ್ತೈತೆ.

ಹೊರಗೆ ಪಂಪ್‌ಸೆಟ್ಟುಗಳ ಸದ್ದು ಒಂದೊಂದಾಗಿ ಅಡಗಿತು. ಡಬ್ಬದೊಳಗೆ ವಾಲ್ವುಗಳು ಕೆಂಡದಂತೆ ಕೆಂಪಾದವು. ಜಗಳದ ಭರದಲ್ಲಿ ಇಬ್ಬರೂ ಅದನ್ನು ನೋಡಲಿಲ್ಲ. ಮೈಕು ಇನ್ನೂ ಅವನ ಕೈಯಲ್ಲೇ ಇತ್ತು.

ಮರುಳಸಿದ್ದಪ್ಪ: ನಿಮ್ಮಣ್ಣಂಗೆ ಗುಡುಗಿದ್ರೂ ಕೇಳಲ್ಲ, ರೇಡಿಯೋ ಹಾಡೋದು ಕೇಳ್ತೈತಾ? ಖಾಲಿ ರೇಡಿಯೋ ಡಬ್ಬಿ ಮುಂದಿಟ್ಟು ನೀನೊಂದಿಷ್ಟು ತಲೆ ತೂಗು. ಆ ಕೋಣನೂ ತೂಗ್ತಾನೆ.

ಮಾಳಿಗೆಯ ಮೇಲಿನ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು. ‘ತೂಗ್ತಾನೆ’ ಎಂಬುದು ಊರಗಲ ಮೊಳಗಿದ ಮೇಲೆಯೇ ಅವನಿಗೆ ಎಚ್ಚರವಾದದ್ದು.

ಮರುಳಸಿದ್ದಪ್ಪ: ಬಂತು ಕಣೇ, ಸೌಂಡು ಬಂತು. ಎಷ್ಟು ಕ್ಲಿಯರ್ ಐತೆ ನೋಡು.

ದಾಕ್ಷಾಯಣಮ್ಮ: ಬಸ್ಸೂ ಬಂತು.

ಸ್ವಲ್ಪ ಹೊತ್ತಿನಲ್ಲೇ ದಾಕ್ಷಾಯಣಮ್ಮನ ಅಣ್ಣ, ರಾಮಗಿರಿಯ ಪಂಚಾಕ್ಷರಪ್ಪ ಬಾಗಿಲಲ್ಲಿ ನಿಂತಿದ್ದ. ಚೀಲ ಇಳಿಸಿದ, ಎಣ್ಣೆ ಡಬ್ಬದ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತ.

ಪಂಚಾಕ್ಷರಪ್ಪ: ಏನಪ್ಪ ಸಿದ್ದಪ್ಪ, ಕಿವಿ ಮಂದ ಆದಾಗ್ಲಿಂದ ಯಾರ ಮಾತೂ ನಂಗೆ ಇಷ್ಟು ಬಿಡಿಸಿ ಬಿಡಿಸಿ ಕೇಳಿರ್ಲಿಲ್ಲ. ಬಸ್ಸಿನಾಗೇ ಕೇಳಿಸ್ತು. ನೀನು ಕೆಲಸಗಾರ ಕಣಪ್ಪ.

ಮರುಳಸಿದ್ದಪ್ಪ: ಬರ್ರಿ ಭಾವ, ನೀರು ಕುಡೀರಿ. ಈ ವಾಲ್ವು ಕಿತ್ತು ರೇಡಿಯೋಗೆ ಹಾಕಿಬಿಡ್ತೀನಿ.

ಪಂಚಾಕ್ಷರಪ್ಪ ಮೈಕನ್ನು ಎತ್ತಿ ತಂಗಿಯ ಗಂಡನ ಬಾಯಿಗೆ ಹಿಡಿದ.

ಪಂಚಾಕ್ಷರಪ್ಪ: ಬರೀ ಬಾಯಿ ಆಡಿಸಿದ್ರೆ ಹೆಂಗೆ, ಇದರಾಗೆ ಹೇಳು. ‘ತಲೆ ತೂಗು’ ಅನ್ನೋ ತನಕ ಚೆನ್ನಾಗಿ ಕೇಳ್ತು. ಆಮೇಲೆ ಆ ಡ್ರೈವರು ಹಾರನ್ ಹೊಡೆದ. ಮುಂದೆ ಏನಂದೆ?

ಮರುಳಸಿದ್ದಪ್ಪ ಡಬ್ಬದೊಳಗೆ ಕೈ ಹಾಕಿ ನಾಲ್ಕನೇ ವಾಲ್ವನ್ನು ಹುಡುಕತೊಡಗಿದ. ದಾಕ್ಷಾಯಣಮ್ಮ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

ದಾಕ್ಷಾಯಣಮ್ಮ: ಅದನ್ನ ಮುಟ್ಟಿದ್ರೆ ನೋಡ್ರಿ. ನಮ್ಮಣ್ಣಂಗೆ ಕೇಳ್ಸೋದು ಇದೊಂದೇ. ಹೇಳ್ರಿ, ಮೈಕಿನಾಗೇ ಹೇಳ್ರಿ.