ಪುಕ್ಕಟೆ ಶಾಲು

ಕೊಟ್ಟೂರಿನ ಎಣ್ಣೆ ಗಾಣದ ಪಾಲಾಕ್ಷಪ್ಪ ಮಗಳ ಮದುವೆಗೆ ಒಪ್ಪಿದನೆಂದು ಕೇಳಿ ಓಣಿಯೇ ಬೆರಗಾಯಿತು. ಮಗಳನ್ನು ಕೇಳಿಕೊಂಡು ಬಂದಿದ್ದ ತೆಲಿಗಿಯ ಮೇಷ್ಟರನ್ನು ಮೂಗು ಸೊಟ್ಟ ಎಂದು ಎರಡು ವರ್ಷ ದೂರ ಇಟ್ಟಿದ್ದವನು ಅವನು. ಹರಪನಹಳ್ಳಿ ದಾರಿಯ ಮಠದಲ್ಲಿ ಸಾಮೂಹಿಕ ಮದುವೆ ಮಾಡುತ್ತಾರೆ, ತಾಳಿ, ಸೀರೆ, ಊಟ ಎಲ್ಲ ಮಠದ್ದೇ ಎಂದು ಯಾರೋ ಹೇಳಿದರು. ಅವತ್ತೇ ಮೇಷ್ಟರ ಮೂಗು ನೆಟ್ಟಗೆ ಕಂಡಿತು.

ಮದುವೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದ ಮನೆಯ ಜಂಬಣ್ಣ ಗಂಟುಬಿದ್ದ.

“ಅಲ್ರೀ, ಇರಾಕಿ ಒಬ್ಬಾಕಿ ಮಗಳು. ಓಣಿಯವ್ರಿಗೆ ಒಂದು ತುತ್ತು ಗೋಧಿ ಹುಗ್ಗಿ ಹಾಕ್ಸಬಾರ್ದೇನ್ರಿ?”

“ಮಠದಾಗ ಹಾಕ್ತಾರ, ಬಂದು ಉಣ್ಣು. ಬಸ್ ಚಾರ್ಜು ಮಾತ್ರ ನಿಂದು.”

ಜಂಬಣ್ಣ ಬಂದೇ ಬಂದ. ಬಸ್ಸಿನಲ್ಲಿ ಹೆಂಡತಿ ಮರುಳಸಿದ್ದಮ್ಮ ಸೆರಗಿನಿಂದ ಕಣ್ಣೊರೆಸುತ್ತಲೇ ಇದ್ದಳು. “ಹತ್ತರ ಕೂಡ ಹನ್ನೊಂದು ಅಂತ ಮಗಳನ್ನ ತಳ್ಳಾಕ ಹೊಂಟೀರಲ್ರಿ!” ಮಗಳು ಕಲ್ಯಾಣಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಪಾಲಾಕ್ಷಪ್ಪನಿಗೂ ಕರುಳು ಚುರುಕ್ಕೆಂದಿತು. ಅಳುವುದಕ್ಕೇನೂ ಖರ್ಚಿಲ್ಲವಲ್ಲ ಎಂದು ಅವನೂ ಸ್ವಲ್ಪ ಅತ್ತ.

ಕಾಣಿಕೆ ಹಾಕಬೇಕಾಗುತ್ತದೆಂದು ಅವನು ಆ ಮಠದ ಹೊಸ್ತಿಲು ತುಳಿದವನೇ ಅಲ್ಲ. ಒಳಗೆ ಹಂದರದಲ್ಲಿ ಹಡಗಲಿಯ ಸಾಹುಕಾರನೊಬ್ಬ ಜರಿಯಂಚಿನ ಶಾಲು ಹೊದ್ದು, ಬೆವರು ಸುರಿಸುತ್ತ, ತಾನೇ ಪಂಕ್ತಿಗೆ ತುಪ್ಪ ಬಡಿಸುತ್ತಿದ್ದ. ಶಾಲು ಮಾತ್ರ ಭಲೇ ಇತ್ತು. ಪಾಲಾಕ್ಷಪ್ಪನ ಕಣ್ಣು ಅದರ ಮೇಲೆಯೇ ನೆಟ್ಟಿತು.

ತಾಳಿ ಬಿದ್ದವು, ಅಕ್ಷತೆ ಬಿದ್ದವು. ಕೊನೆಗೆ ಸ್ವಾಮಿಗಳು ಅಂಥದ್ದೇ ಹೊಸ ಶಾಲೊಂದನ್ನು ಕೈಯಲ್ಲಿ ಹಿಡಿದು ನಿಂತರು. ಮೈಕಿನವನು ಕೂಗಿದ: “ಯಾರು ಹೊದ್ಕಂತೀರಿ, ಬರ್ರಿ!”

ಯಾರೂ ಏಳಲಿಲ್ಲ. ಸಾಹುಕಾರರೆಲ್ಲ ಕಾಲಬೆರಳು ನೋಡುತ್ತ ಕೂತರು. ಪುಕ್ಕಟೆ ಶಾಲಿಗೂ ಎದ್ದೇಳದ ಇವರೆಂಥ ದಡ್ಡರು ಎಂದುಕೊಂಡ ಪಾಲಾಕ್ಷಪ್ಪ ದಡಕ್ಕನೆ ಎದ್ದ. ಹಿಂದಿನಿಂದ ಜಂಬಣ್ಣ ಧೋತರ ಹಿಡಿದು ಜಗ್ಗಿದ.

“ಕುಂದರ್ರಿ! ನಿಮಗ ಗೊತ್ತಿಲ್ಲ, ಕುಂದರ್ರಿ!”

“ನನಗ ಬಂದದ್ದು ನೋಡಿ ನಿನಗ್ಯಾಕಲೇ ಹೊಟ್ಟಿಕಿಚ್ಚು? ಬಿಡು ಧೋತ್ರ!”

ಕಚ್ಚೆ ಬಿಚ್ಚಿದರೂ ಲೆಕ್ಕಿಸದೆ, ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಿಹೋಗಿ ಸ್ವಾಮಿಗಳ ಮುಂದೆ ಬಗ್ಗಿದ. ಶಾಲು ಹೆಗಲಿಗೆ ಬಿತ್ತು. ಚಪ್ಪಾಳೆಗೆ ಹಂದರದ ತಗಡು ನಡುಗಿತು. ಕಲ್ಯಾಣಮ್ಮ ಓಡಿಬಂದು ಕಾಲಿಗೆರಗಿದಳು. “ಯಪ್ಪಾ, ನಿನ್ನ ಮನಸು ಇಷ್ಟು ದೊಡ್ಡದೈತಿ ಅಂತ ನನಗ ಗೊತ್ತಿರಲಿಲ್ಲ!” ಅದು ಅವನಿಗೂ ಗೊತ್ತಿರಲಿಲ್ಲ. ಆದರೂ ಮಗಳ ಮುಖದ ನಗು ನೋಡಿ ಅವನ ಜೀವ ತಂಪಾಯಿತು.

ಅಷ್ಟರಲ್ಲಿ ಸ್ವಾಮಿಗಳೇ ಮೈಕು ತೆಗೆದುಕೊಂಡರು.

“ಈ ಮಠದ ಶಾಲು ಹೊತ್ತವ್ರು ಮುಂದಿನ ವರ್ಷದ ಮದುವಿಗುಳನ್ನೂ ಹೊರಬೇಕು. ತಾಳಿ, ಸೀರಿ, ಹಂದರ, ದಾಸೋಹ ಎಲ್ಲಾ ಕೊಟ್ಟೂರು ಪಾಲಾಕ್ಷಪ್ಪನವರದು. ಗುರುವಿನ ಮುಂದ ಹೊತ್ತದ್ದು ಇಳಿಸಂಗಿಲ್ಲ!”

ಪಾಲಾಕ್ಷಪ್ಪ ಮೆಲ್ಲಗೆ ಹೆಗಲು ಕೊಡವಿ ಶಾಲು ಜಾರಿಸತೊಡಗಿದ. ಜಂಬಣ್ಣ ಬಂದು, ಜಾರುತ್ತಿದ್ದ ಶಾಲನ್ನು ಪ್ರೀತಿಯಿಂದ ಎತ್ತಿ ಹೆಗಲ ಮೇಲೆ ಸರಿಮಾಡಿದ.

“ಅದಕ್ಕಾ ಧೋತ್ರ ಜಗ್ಗಿದ್ದೆ, ನೀವು ಕೇಳ್ಲಿಲ್ಲ. ಇರ್ಲಿ ಬಿಡ್ರಿ, ನಮ್ಮ ಮೂರೂ ಹುಡುಗೇರ ಮದುವಿ ಬರೋ ವರ್ಷ ಇಲ್ಲೇ ಇಟ್ಕಂತೀನಿ. ಓಣಿಯವ್ರೆಲ್ಲಾ ಬರ್ತೀವಿ, ಬಸ್ ಚಾರ್ಜು ನಮ್ದ. ತುಪ್ಪ ಮಾತ್ರ ಕೈ ಬಿಚ್ಚಿ ಬಡಸ್ರಿ.”