ನಾಲ್ಕು ತುಂಡು ತಗಡು

ಗಂಡ: ನೂರು ಸಲ ಕೇಳಿದ್ರೂ ನಾನು ಹೇಳೋದು ಇಷ್ಟೇ. ಬೇರಿಂಗ್ ಡೂಪ್ಲಿಕೇಟು. ಸುಟ್ಟುಹೋಗಿರೋದು ಇದು ನಾಲ್ಕನೇದು. ಅಂಗಡಿಯವನು ನಂಗೆ ಚೆನ್ನಾಗಿ ಟೋಪಿ ಹಾಕ್ತಿದ್ದಾನೆ.

ತಮ್ಮ: ಭಾವ, ಮೊದಲು ಬ್ಲಾಕಿನ ಮುಚ್ಚಳ ಬಿಚ್ಚೋಣ. ಆಮೇಲೆ ಯಾರಿಗೆ ಬೈಬೇಕೋ ಬೈಯೋಣ.

ಗಂಡ: ಬಿಚ್ಚಿ ನೋಡೋದೇನಿದೆ? ವಾಸನೆ ಬರ್ತಿಲ್ವಾ?

ವಾಸನೆಗೇನೂ ಕಡಿಮೆ ಇರಲಿಲ್ಲ. ಗಿರಣಿಯ ತುಂಬ ಹಿಟ್ಟಿನ ಘಮವನ್ನೂ ಮೀರಿ ಸುಟ್ಟ ಗ್ರೀಸು ನಾರುತ್ತಿತ್ತು. ಬೆಳಗ್ಗೆ ಎರಡೇ ಗಂಟೆ ಹೊತ್ತು ತಿರುಗಿದ, ಬೀಸುವ ಕಲ್ಲಿನ ಶಾಫ್ಟು ಕಿರ್ರೆಂದು ಕಿರುಚಿ ನಿಂತುಬಿಟ್ಟಿತ್ತು. ಹೆಂಡತಿ ತಕ್ಕಡಿಯ ಪಕ್ಕದ ಸ್ಟೂಲಿನ ಮೇಲೆ, ತೊಡೆಯ ಮೇಲೆ ಬಟ್ಟೆ ಚೀಲ ಇಟ್ಟುಕೊಂಡು ಕೂತಿದ್ದಳು. ಎರಡು ಗಂಟೆಯ ಬಸ್ಸಿಗೆ ತವರಿಗೆ ಹೊರಡಬೇಕು. ಎರಡು ವರ್ಷದಲ್ಲಿ ಮೂರು ಸಲ ಹೀಗೇ ಹೊರಟು ಕೂತಿದ್ದಳು, ಮೂರು ಸಲವೂ ಈ ಹಾಳು ಶಾಫ್ಟು ಕೈಕೊಟ್ಟಿತ್ತು. ಈ ಸಲ ಕರೆದುಕೊಂಡೇ ಹೋಗುತ್ತೇನೆಂದು ತಮ್ಮನೇ ಬಂದಿದ್ದ. ಕಾರ್ಖಾನೆಯಲ್ಲಿ ಫಿಟ್ಟರ್ ಅವನು. ಗೋಡೆ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು.

ಹೆಂಡತಿ: ನೀನು ಬಿಚ್ಚೋ. ಇವರ ಮಾತು ಕೇಳ್ತಾ ಕೂತ್ರೆ ನಾನು ಕೋಲು ಊರ್ಕೊಂಡು ತವರಿಗೆ ಹೋಗ್ಬೇಕಾಗುತ್ತೆ.

ಗಂಡ: ನಾನು ಹೋಗ್ಬೇಡ ಅಂದ್ನಾ? ಹೋಗು ಅಂತ ಹೇಳಿದ್ದೇ ನಾನು. ಆದ್ರೆ ಗಿರಣಿ ಹಿಂಗೆ ಮಲಗಿರುವಾಗ ನನ್ನೊಬ್ಬನ್ನೇ ಬಿಟ್ಟು...

ಹೆಂಡತಿ: ಅಮ್ಮನ ಕಣ್ಣಿನ ಆಪರೇಷನ್ ಆದಾಗಲೂ ಇದೇ ರಾಗ. ಪಟ್ಟಿ ಬಿಚ್ಚಿದ ತಕ್ಷಣ ನನ್ನ ಮುಖ ನೋಡ್ಬೇಕು ಅಂತಿದ್ಲು. ನೋಡಿದ್ದು ಪಕ್ಕದ ಮನೆಯವಳ ಮುಖ.

ಗಂಡ: ಅದಕ್ಕೆ ನಾನೇನ್ ಮಾಡ್ಲಿ? ಬೇರಿಂಗ್ ಅಂಗಡಿಯವನನ್ನ ಕೇಳು.

ತಮ್ಮ ಎರಡೂ ಕೈಯಲ್ಲಿ ಸ್ಪಾನರ್ ಹಿಡಿದು, ಗೋಡೆಗೆ ಕಾಲು ಕೊಟ್ಟು ಎಳೆದ. ಬೋಲ್ಟು ಜಪ್ಪಯ್ಯ ಅನ್ನಲಿಲ್ಲ.

ತಮ್ಮ: ಭಾವ, ಇದನ್ನ ಇಷ್ಟು ಟೈಟ್ ಮಾಡಿದ್ಯಾರು? ಇದಕ್ಕೇನು ಆನೆ ಕಟ್ತೀರಾ?

ಗಂಡ: ನಾನೇ ಮಾಡಿದ್ದು, ನಿನ್ನೆ ಸಂಜೆ. ಬ್ಲಾಕ್ ಅಂದ್ರೆ ಏನಯ್ಯ? ಬೇರಿಂಗನ್ನ ಹಿಡ್ಕೊಳ್ಳೋದು. ಹಿಡ್ಕೊಳ್ಳೋ ಕೆಲಸ ಸರಿಯಾಗಿ ಮಾಡ್ಬೇಕಾ ಬೇಡ್ವಾ? ಇದನ್ನ ಮಾಡಿದ ಪುಣ್ಯಾತ್ಮನಿಗೆ ಅಷ್ಟೂ ಗೊತ್ತಿಲ್ಲ. ಬೆಲ್ಟಿನ ಪುಲ್ಲಿ ಕಡೆ ಬ್ಲಾಕಲ್ಲಿ ಬೇರಿಂಗು ಕಚ್ಕೊಂಡು ಕೂತಿದೆ. ಈ ಕಡೆ ಬ್ಲಾಕಲ್ಲಿ ನೋಡಿದ್ರೆ ಪಕ್ಕದಲ್ಲಿ ಗೋಧಿಕಾಳಷ್ಟು ಜಾಗ ಖಾಲಿ. ಅದಕ್ಕೇ ನಾನು ಸರಿ ಮಾಡ್ದೆ.

ತಮ್ಮ: ಏನು ಸರಿ ಮಾಡಿದ್ರಿ?

ಗಂಡ: ತಗಡು ಮಡಚಿ ತುಂಬಿದೆ. ಈಗ ಅಲ್ಲಾಡ್ಲಿ ನೋಡೋಣ.

ತಮ್ಮ ಹೇಗೋ ಬೋಲ್ಟು ಸಡಿಲಿಸಿ, ಮುಚ್ಚಳ ಎತ್ತಿ, ಇಕ್ಕಳದಿಂದ ಒಂದು ತುಂಡು ತಗಡನ್ನು ಹೊರಗೆಳೆದ. ಹಸಿರು ಬಣ್ಣದ ಎಣ್ಣೆ ಡಬ್ಬದಿಂದ ಕತ್ತರಿಸಿದ್ದು, ಅಂಚು ಕಪ್ಪಾಗಿತ್ತು.

ತಮ್ಮ: ಆ ಜಾಗ ಬೇಕು ಅಂತಾನೇ ಬಿಟ್ಟಿರೋದು ಭಾವ. ಶಾಫ್ಟು ತಿರುಗ್ತಾ ತಿರುಗ್ತಾ ಬಿಸಿಯಾಗುತ್ತೆ. ಬಿಸಿಯಾದ್ರೆ ಕೂದಲೆಳೆಯಷ್ಟು ಉದ್ದ ಆಗುತ್ತೆ. ಅದಕ್ಕೇ ಒಂದು ಕಡೆ ಹಿಡಿದು, ಇನ್ನೊಂದು ಕಡೆ ಒಂಚೂರು ಸರಿಯೋಕೆ ಬಿಡ್ತಾರೆ. ನೀವು ಎರಡೂ ಕಡೆ ಅಮುಕಿದ್ರೆ ಅದು ಎಲ್ಲಿಗೆ ಹೋಗ್ಬೇಕು? ಬೇರಿಂಗನ್ನೇ ತಿನ್ನುತ್ತೆ.

ಗಂಡ: ಕಬ್ಬಿಣ ಉದ್ದ ಆಗುತ್ತಂತೆ. ನನ್ನ ಕಿವಿ ಮೇಲೆ ಹೂವ ಇಡ್ಬೇಡ. ಹಂಗಿದ್ರೆ ಮಧ್ಯೆ ಆರು ಆರು ತಿಂಗಳು ಹೆಂಗೆ ಓಡ್ತು?

ತಮ್ಮ: ಹಳೇ ಬೇರಿಂಗ್ ಎಲ್ಲಿ ಹಾಕಿದ್ದೀರಿ?

ಹೆಂಡತಿಯೇ ಎದ್ದು ಬೆಂಚಿನ ಕೆಳಗಿನ ಗುಜರಿ ಡಬ್ಬ ಎಳೆದು ನೆಲದ ಮೇಲೆ ಸುರಿದಳು. ಸುಟ್ಟ ಬೇರಿಂಗು ಮೂರು ಉರುಳಿದವು. ಅವುಗಳ ಹಿಂದೆಯೇ ಹಸಿರು ತಗಡೂ ಮೂರು ಬಿದ್ದವು. ರಿಪೇರಿಗೆ ಬರುತ್ತಿದ್ದ ಮೆಕ್ಯಾನಿಕ್ ಪ್ರತಿ ಸಲವೂ ಹೊಸ ಬೇರಿಂಗ್ ಹಾಕಿ, ತಗಡನ್ನು ಕಿತ್ತು ಡಬ್ಬಕ್ಕೆ ಎಸೆದು, ತನಗೇಕೆ ಊರ ಉಸಾಬರಿ ಎಂದು ಹೋಗಿದ್ದ. ತಗಡು ಹೋದ ಮೇಲೆ ಶಾಫ್ಟು ನೆಮ್ಮದಿಯಾಗಿ ಓಡುತ್ತಿತ್ತು.

ಹೆಂಡತಿ: ಇವನ್ನ ಯಾವ್ಯಾವಾಗ ತುಂಬಿದ್ರಿ?

ಗಂಡ: ಯಾವಾಗ ಅಂದ್ರೆ... ಯಾವಾಗಲೋ.

ಹೆಂಡತಿ: ನನ್ನ ಮುಖ ನೋಡಿ ಹೇಳಿ.

ಗಂಡ: ನೀನು ತವರಿಗೆ ಅಂತ ಚೀಲ ತುಂಬಿದಾಗ.

ಹೆಂಡತಿ: ಮೂರು ಸಲಾನೂ?

ಗಂಡ: ನಾಲ್ಕು. ನಿನ್ನೆದೂ ಸೇರಿಸ್ಕೋ. ನಾನೇನು ಬೇಕು ಅಂತ ಮಾಡಿದ್ನಾ? ನೀನು ಇಲ್ಲಿ ಕೂತೇ ಸದ್ದು ಕೇಳಿ, ಎಲ್ಲಿ ಏನಾಗಿದೆ ಅಂತ ಹೇಳ್ತೀಯ. ನಂಗೆ ಎಲ್ಲಾ ಸದ್ದೂ ಒಂದೇ. ನೀನಿಲ್ದಾಗ ಏನಾದ್ರೂ ಬಿಚ್ಕೊಂಡ್ರೆ ಅಂತ ಹೆದರಿಕೆ ಆಯ್ತು. ಹಿಂದಿನ ದಿನವೇ ಎಲ್ಲಾ ಬಿಗಿ ಮಾಡಿಟ್ಟೆ.

ಹೆಂಡತಿಗೆ ಮೈಯೆಲ್ಲ ಉರಿಯಿತು. ಎರಡು ವರ್ಷ ಅಂಗಡಿಯವನಿಗೆ ಬೈದಿದ್ದಳು, ಮೆಕ್ಯಾನಿಕ್‌ಗೆ ಬೈದಿದ್ದಳು, ಕೊನೆಗೆ ತನ್ನ ಹಣೆಬರಹಕ್ಕೂ ಬೈದಿದ್ದಳು. ಬೈಸಿಕೊಳ್ಳಬೇಕಾದ ಆಸಾಮಿ ದಿನಾ ಎದುರಿಗೇ ಕೂತು ಎರಡನೇ ಸಲ ಬಡಿಸಿಕೊಂಡು ಉಂಡಿದ್ದ. ಆದರೂ ತಲೆ ಕೆರೆಯುತ್ತ ನಿಂತ ಅವನನ್ನು ನೋಡಿ ಅಯ್ಯೋ ಪಾಪ ಅನ್ನಿಸಿತು, ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಡೂಪ್ಲಿಕೇಟೆಂದು ಹೆದರಿ ಗಂಡ ಎರಡು ಬೇರಿಂಗ್ ಹೆಚ್ಚಿಗೆ ತಂದಿಟ್ಟಿದ್ದು ಈಗ ಉಪಯೋಗಕ್ಕೆ ಬಂತು. ತಮ್ಮ ಹೊಸದನ್ನು ಕೂರಿಸಿ, ಜಾಗ ಬಿಟ್ಟು, ಮುಚ್ಚಳ ಹಾಕಿ ಬೋಲ್ಟು ಬಿಗಿದ. ಒಂದೂವರೆಗೆ ಬೆಲ್ಟು ತಿರುಗಿತು. ಹೆಂಡತಿ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದಳು.

ಹೆಂಡತಿ: ಸರಿಯಾಗಿದೆ. ಈ ಸದ್ದು ನೆನಪಿಟ್ಕೊಳ್ಳಿ. ನಾನು ಬರೋ ಹೊತ್ತಿಗೆ ಇದೇ ಇರ್ಬೇಕು.

ಗಂಡ: ಎಂಟೂ ದಿನ ಇರ್ಲೇಬೇಕಾ ಅಲ್ಲಿ?

ಹೆಂಡತಿ: ಎಂಟು ಅಂದ್ಕೊಂಡಿದ್ದೆ. ತಗಡು ಎಣಿಸಿದ ಮೇಲೆ ಹದಿನೈದು ಅಂತ ಮಾಡಿದ್ದೀನಿ.

ಗಂಡ ಬೆಂಚಿನ ಮೇಲೆ, ಬೆಂಚಿನ ಕೆಳಗೆ, ಹಿಟ್ಟಿನ ಮೂಟೆಗಳ ಹಿಂದೆ ತಡಕಾಡತೊಡಗಿದ.

ತಮ್ಮ: ಏನು ಹುಡುಕ್ತಿದ್ದೀರಿ ಭಾವ?

ಗಂಡ: ದೊಡ್ಡ ಸ್ಪಾನರು. ನೀನು ಬಿಗಿದಿರೋದು ಸಾಲದೇನೋ ಅಂತ. ಒಂದೇ ಒಂದು ಸುತ್ತು...

ಹೆಂಡತಿ ಅಷ್ಟರಲ್ಲಿ ಬಾಗಿಲು ದಾಟಿದ್ದಳು. ಹೆಗಲ ಮೇಲಿನ ಚೀಲ ಒಂದು ಕಡೆಗೆ ಜಗ್ಗುತ್ತಿತ್ತು. ಬಾಗಿಲಿನ ಚೌಕಟ್ಟಿಗೆ ತಾಗಿ ಠಣ್ ಎಂದಿತು.

ಗಂಡ: ಲೇ, ಅದು ನನ್ನ ಸ್ಪಾನರು ಕಣೇ.

ಹೆಂಡತಿ: ಗೊತ್ತು. ಪಾಪ, ಅದೂ ಎರಡು ವರ್ಷದಿಂದ ಎಲ್ಲಿಗೂ ಹೋಗಿಲ್ಲ.