ಪೂಜೆ ಮಾಡಿಸಿದ ಗಾಳಿ

ಇಂದ,
ರಶ್ಮಿತಾ,
ಗ್ಯಾಸ್ ಬ್ಲೆಂಡರ್ (ತಮ್ಮ ಬಾಯಲ್ಲಿ "ಗಾಳಿ ಹಾಕೋ ಹುಡುಗಿ"),
ತುಂಗಾತಳ ಜಲಸಾಹಸ ಹಾಗೂ ಮುಳುಗು ಸೇವೆ,
ಹರಿಹರ.

ಗೆ,
ಶ್ರೀಯುತ ಬಕ್ಕೇಶಪ್ಪನವರು,
ಮಾಲೀಕರು, ಮೇಲ್ಕಂಡ ಸಂಸ್ಥೆ ಮತ್ತು ಮಂಡಕ್ಕಿ ಭಟ್ಟಿ,
ದೇವರಾಜ ಅರಸು ಬಡಾವಣೆ, ದಾವಣಗೆರೆ.

ವಿಷಯ: ಆಯುಧ ಪೂಜೆಯ ದಿನ ತುಂಬಿಸಿದ ಗಾಳಿಯನ್ನು ಬಯಲಿಗೆ ಬಿಟ್ಟಿದ್ದಕ್ಕೆ ವಿವರಣೆ, ಹಾಗೂ ತಮ್ಮ ಮನೆಯಲ್ಲಿ ಉಳಿದಿರುವ ಒಂದು ಸಿಲಿಂಡರಿನ ವಿಲೇವಾರಿ ಕುರಿತು.

ಉಲ್ಲೇಖ: 1. ನಿನ್ನನ್ನು ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಕೇಳಿರುವ ತಮ್ಮ ನೋಟೀಸು.
2. ನೋಟೀಸಿಗೂ ಮೊದಲು ತಾವು ಫೋನಿನಲ್ಲಿ ಬೈದದ್ದು. ಇದಕ್ಕೆ ದಾಖಲೆ ಇಲ್ಲ, ನೆನಪು ಚೆನ್ನಾಗಿದೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅಮೂಲ್ಯ ಗಮನಕ್ಕೆ ತರಬಯಸುವುದೇನೆಂದರೆ, ನೋಟೀಸಿನಲ್ಲಿ ನನ್ನ ಮೇಲೆ ಎರಡು ಆರೋಪಗಳಿವೆ. ಸಂಸ್ಥೆಯ ಸ್ವತ್ತನ್ನು ಹಾಳು ಮಾಡಿದ್ದು ಒಂದು. ಪೂಜೆ ಮಾಡಿಸಿದ ಗಾಳಿಗೆ ಅಪಚಾರ ಎಸಗಿದ್ದು ಇನ್ನೊಂದು. ಗಾಳಿಗೆ ಅಪಚಾರ ಎಸಗಿ ನೋಟೀಸು ಪಡೆದವರು ಈ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಾರರು. ಕಾರಣ, ಉತ್ತರವನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ತಾವು ಯಾವ ಕಾಗದವನ್ನೂ ಪೂರ್ತಿ ಓದುವುದಿಲ್ಲವೆಂದು ಬಲ್ಲೆ. ಆದ್ದರಿಂದ ತಮ್ಮ ಸುಪುತ್ರರೂ ನಮ್ಮ ಮ್ಯಾನೇಜರರೂ ಆದ ಕೊಟ್ಟೂರೇಶ್ ಅವರಿಂದ ಗಟ್ಟಿಯಾಗಿ ಓದಿಸಿಕೊಳ್ಳಬೇಕಾಗಿ ಕೋರಿಕೆ.

1. ಮೊದಲಿಗೆ ನನ್ನ ಕೆಲಸ. ನೀರಿನಡಿ ಹೋಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿಗೆ ಕಂಪ್ರೆಸರಿನಿಂದ ಗಾಳಿ ತುಂಬುವುದು, ಆಳ ಹೆಚ್ಚಿದ್ದರೆ ಅದಕ್ಕೆ ತಕ್ಕಂತೆ ಆಮ್ಲಜನಕ ಮತ್ತು ಹೀಲಿಯಂ ಬೆರೆಸುವುದು, ಬೆರೆಸಿದ್ದನ್ನು ಮೀಟರಿನಲ್ಲಿ ಅಳೆದು ಸಿಲಿಂಡರಿನ ಮೇಲೆ ಬರೆಯುವುದು. ಇದನ್ನು ನಾನು ಗೋವಾದಲ್ಲಿ ಕಲಿತು ಬಂದೆ. ತಾವು ಇದನ್ನು ಲಾರಿ ಟೈರಿಗೆ ಗಾಳಿ ಹಿಡಿಯುವ ಕೆಲಸವೆಂದೇ ಇವತ್ತಿಗೂ ತಿಳಿದಿದ್ದೀರಿ. ಟೈರು ಕೆಟ್ಟ ಗಾಳಿ ಕುಡಿದರೆ ಸಾಯುವುದಿಲ್ಲ. ನನ್ನ ಕೆಲಸಕ್ಕೂ ಅದಕ್ಕೂ ಇರುವ ವ್ಯತ್ಯಾಸ ಇದೊಂದೇ.

2. ಹೀಲಿಯಂ ಬಗ್ಗೆ. ನೂರು ಅಡಿ ದಾಟಿದ ಮೇಲೆ ಬರೀ ಗಾಳಿ ಉಸಿರಾಡುವವನಿಗೆ ಕುಡಿದಂತೆ ಅಮಲೇರುತ್ತದೆ. ಹಾಗಾಗದಿರಲಿ ಎಂದೇ ಹೀಲಿಯಂ ಬೆರೆಸುವುದು. ನಾನು ಬೇಡಿ ಬೇಡಿ ತರಿಸಿದ ಹೀಲಿಯಂ ಸಿಲಿಂಡರ್, ತಾವೇ ಮಂಜೂರು ಮಾಡಿದ ರಜೆಯಲ್ಲಿ ನಾನಿದ್ದಾಗ, ಸಂಸ್ಥೆಯ ಉದ್ಘಾಟನೆಯ ಬಲೂನುಗಳಿಗೆ ಖರ್ಚಾಗಿದೆ. ಉಳಿದದ್ದನ್ನು ಕೊಟ್ಟೂರೇಶ್ ಅವರು ಸ್ವತಃ ಬಾಯಿಂದ ಎಳೆದುಕೊಂಡು, ಕೀಚಲು ದನಿಯಲ್ಲಿ ಸ್ವಾಗತ ಭಾಷಣ ಮಾಡಿದರೆಂದೂ ಜನ ಚಪ್ಪಾಳೆ ತಟ್ಟಿದರೆಂದೂ ತಿಳಿದುಬಂದಿದೆ. ಈ ಕುರಿತು ನಾನು ಕೇಳಿದಾಗ ತಾವು ಕೊಟ್ಟ ಉತ್ತರ: "ಹೋಗ್ಲಿ ಬಿಡಮ್ಮ. ಅದ್ರ ಬದ್ಲಿ ಇನ್ನೊಂದಿಷ್ಟು ಆಕ್ಸಿಜನ್ ಜಾಸ್ತಿ ಹಾಕು. ದವಾಖಾನ್ಯಾಗ ಜನ ಅದ್ರಾಗೇ ಬದುಕಲ್ವೇನು?" ಆಳದಲ್ಲಿ ಆಮ್ಲಜನಕ ಹೆಚ್ಚಾದರೆ ಫಿಟ್ಸ್ ಬರುತ್ತದೆ, ಕಚ್ಚಿಕೊಂಡದ್ದು ಬಾಯಿಂದ ಜಾರುತ್ತದೆ, ನೀರು ಒಳಗೆ ಹೋಗುತ್ತದೆ ಎಂದು ನಾನು ಹೇಳಿದೆ. ಅಷ್ಟರಲ್ಲಿ ತಾವು ಮಂಡಕ್ಕಿ ಲೋಡಿನ ಫೋನಿನಲ್ಲಿದ್ದಿರಿ.

3. ಈಗ ಪೂಜೆ. ಪೂಜೆಗೆ ನನ್ನ ತಕರಾರಿಲ್ಲ, ನಾನೂ ನನ್ನ ಸ್ಕೂಟಿಗೆ ಮಾಡಿದ್ದೇನೆ. ತಕರಾರು ಇರುವುದು ಕೆಂಡಕ್ಕೆ. ಕಂಪ್ರೆಸರ್ ಇರುವುದು ತಮ್ಮ ಭಟ್ಟಿಯ ಕಾಂಪೌಂಡಿನಲ್ಲಿ. ಅಲ್ಲಿ ಬೇಡವೆಂದು ನಾನು ಹೇಳಿದ್ದೆ, ತಾವು ಬಾಡಿಗೆ ಉಳಿಯುತ್ತದೆ ಎಂದಿರಿ. ಭಟ್ಟಿಯ ಹೊಗೆ ಬಾರದಿರಲೆಂದು ಕಂಪ್ರೆಸರ್ ಗಾಳಿ ಎಳೆಯುವ ಪೈಪನ್ನು ನಾನು ಮಾಳಿಗೆ ಮೇಲಕ್ಕೆ ಒಯ್ದು, ಆಚೆ ಮುಖ ಮಾಡಿ ಕಟ್ಟಿಸಿದ್ದೆ. ಆಯುಧ ಪೂಜೆಯ ದಿನ ತಾವು ಆ ಪೈಪನ್ನು ಬಿಚ್ಚಿಸಿ ಕೆಳಗಿಳಿಸಿದಿರಿ. ದೊಡ್ಡ ಬೋಗುಣಿಯ ತುಂಬ ಭಟ್ಟಿಯ ಕೆಂಡ ಹಾಕಿಸಿ, ಮೇಲೆ ಸಾಂಬ್ರಾಣಿ ಸುರಿದು, ಪೈಪಿನ ಬಾಯಿಗೆ ಹಿಡಿಸಿ, ಕಂಪ್ರೆಸರನ್ನು ಚಾಲೂ ಮಾಡಿಸಿದಿರಿ. ಕೊಟ್ಟೂರೇಶ್ ಅವರು ಅಭಿಮಾನದಿಂದ ಎಲ್ಲರಿಗೂ ಕಳಿಸಿದ ವಿಡಿಯೋದಲ್ಲಿ ತಮ್ಮ ಮಾತು ಸ್ಪಷ್ಟವಾಗಿದೆ: "ಲಾರಿಗೆ, ತಕ್ಕಡಿಗೆ, ಭಟ್ಟಿಗೆ ಎಲ್ಲಾದ್ಕೂ ಧೂಪ ಹಾಕ್ತೀವಿ. ಇದಕ್ಕ್ಯಾಕ ಬ್ಯಾಡ? ಇದಕ್ಕಂತೂ ಮೂಗೇ ಐತೆ." ಹೀಗೆ ಅದು ಮೂಗಿನಿಂದ ಎಳೆದುಕೊಂಡದ್ದೆಲ್ಲ ಸಾಲಾಗಿ ನಿಲ್ಲಿಸಿದ್ದ ಸಿಲಿಂಡರುಗಳಿಗೆ ತುಂಬಿತು. ಸಾಂಬ್ರಾಣಿಯ ಪರಿಮಳವನ್ನು ನಡುವೆ ಇರುವ ಫಿಲ್ಟರು ಹಿಡಿದುಕೊಂಡಿತು. ಕೆಂಡದಿಂದ ಏಳುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಫಿಲ್ಟರು ದಾಟಿ ಒಳಗೆ ಹೋಯಿತು.

4. ಅದೇ ದಿನ ಹರಿಹರದ ಹೊಳೆಯಲ್ಲಿ ಉದ್ಘಾಟನೆಯ ಮುಳುಗು. ಮುಳುಗಿದವನು ನಮ್ಮ ಸಂಸ್ಥೆಯ ಮುಳುಗುಗಾರ ನಿಂಗರಾಜು. ನೀರು ಅಲ್ಲಿ ಎರಡಾಳುದ್ದವೂ ಇಲ್ಲ. ಅವನು ಅಷ್ಟರಲ್ಲೇ ಮೇಲೆ ಬಂದು, ಮೆಟ್ಟಿಲು ತಬ್ಬಿಕೊಂಡು ವಾಂತಿ ಮಾಡಿಕೊಂಡ. ಏನೇನೋ ತೊದಲಿದ. ಸೇರಿದ ಜನರೆದುರು ತಾವು ರೋಗ ಪತ್ತೆಹಚ್ಚಿದಿರಿ: "ಹೊಳ್ಯಾಗಿಂದು ಯಾವ್ದೋ ಹಿಡ್ಕಂಡೈತೆ. ಉಕ್ಕಡಗಾತ್ರಿಗೆ ನಡೀರಿ." ಆಸ್ಪತ್ರೆಯ ಗೇಟಿನ ಮುಂದೆಯೇ ತಮ್ಮ ಕಾರು ಹಾದು ಹೋಯಿತು. ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಯಲ್ಲಿ, ದೆವ್ವ ಹಿಡಿದ ಸೊಸೆಯನ್ನು ಕರೆತಂದಿದ್ದ ಯಾರೋ ಒಬ್ಬ ಮುದುಕಿ ನಿಂಗರಾಜುವನ್ನು ನೋಡಿ ತಮಗೆ ಬುದ್ಧಿ ಹೇಳಬೇಕಾಯಿತು. "ಇವ್ನಿಗೆ ಎಂಥದೂ ಹಿಡಿದಿಲ್ಲ ತಗೀರಿ. ಹಿಡಿದೋರು ಅಜ್ಜಯ್ಯನ ಹೆಸ್ರು ಕೇಳಿದ್ರೆ ಕೂಗಾಡ್ತಾರೆ. ಇವ್ನು ತಲೆ ಸಿಡೀತೈತಿ ಅಂತಾನೆ. ಮೊದ್ಲು ದವಾಖಾನಿಗೆ ಒಯ್ರಿ." ದೆವ್ವ ಬಿಡಿಸಲು ಬಂದವರೇ ತಮ್ಮ ಪತ್ತೆಯನ್ನು ತಿರಸ್ಕರಿಸಿದರು ಎಂಬುದನ್ನು ದಾಖಲಿಸಬಯಸುತ್ತೇನೆ. ಆಸ್ಪತ್ರೆಯ ವೈದ್ಯರು ರಕ್ತ ನೋಡಿ, "ಬಾಗಿಲು ಹಾಕ್ಕೊಂಡು ಕೆಂಡ ಇಟ್ಕೊಂಡು ಮಲಗಿದ್ರಾ?" ಎಂದು ಕೇಳಿದರಂತೆ. ತಾವು "ಇಲ್ಲ ಸಾರ್, ನೀರಾಗಿದ್ದ" ಎಂದಿರಂತೆ. ಮಾಸ್ಕ್ ಹಾಕಿ ರಾತ್ರಿಯಿಡೀ ಆಮ್ಲಜನಕ ಕೊಟ್ಟ ಮೇಲೆ ನಿಂಗರಾಜು ಬದುಕಿಕೊಂಡ.

5. ರಜೆ ಮುಗಿಸಿ ಬಂದು, ವಿಡಿಯೋ ನೋಡಿದ್ದರಿಂದ, ನಾನು ಪ್ರತಿ ಸಿಲಿಂಡರಿಗೂ ವಿಷಗಾಳಿ ಪತ್ತೆಹಚ್ಚುವ ಮೀಟರು ಹಿಡಿದೆ. ಪ್ರತಿಯೊಂದಕ್ಕೂ ಅದು ಕೂಗಿಕೊಂಡಿತು. ತಮ್ಮನ್ನು ಕರೆದು ತೋರಿಸಿದಾಗ ತಾವು, ಮೀಟರಿಗೆ ಪೂಜೆ ಆಗಿಲ್ಲ, ಅದಕ್ಕೇ ಹಾಗೆ ಮಾಡುತ್ತದೆ ಎಂದಿರಿ. ಕಾರಣ, ತಾವು ಹೊರಟ ಮೇಲೆ ಒಂದೊಂದೇ ವಾಲ್ವು ತಿರುಗಿಸಿ ಎಲ್ಲವನ್ನೂ ಖಾಲಿ ಮಾಡಿದೆ. ಆರೋಪ ಒಪ್ಪಿದ್ದೇನೆ. ಇನ್ನೊಮ್ಮೆ ಸಿಕ್ಕರೆ ಇನ್ನೊಮ್ಮೆ ಬಿಡುತ್ತೇನೆ.

6. ನನ್ನ ಕೈಗೆ ಸಿಗದೆ ಉಳಿದದ್ದು ಒಂದು. ಅದು ತಮ್ಮ ಮನೆಯ ದೇವರ ಕೋಣೆಯಲ್ಲಿ, ಮೈಗೆಲ್ಲ ವಿಭೂತಿ ಕುಂಕುಮ ಬಳಿಸಿಕೊಂಡು ನಿಂತಿದೆ. ಸೋಮವಾರ ಬಾತಿ ಊರಿನಾಚೆಯ ಕಲ್ಲು ಕ್ವಾರಿಯ ನೀರಿನಲ್ಲಿ ಮುಳುಗಿರುವ, ಮಣ್ಣು ತೋಡುವ ಹಿಟಾಚಿಯನ್ನು ಮೇಲೆತ್ತಲು ಕೊಕ್ಕೆ ಹಾಕಿ ಬರಲು ನಿಂಗರಾಜು ಅದೇ ಸಿಲಿಂಡರ್ ಕಟ್ಟಿಕೊಂಡು ಇಳಿಯಬೇಕೆಂದು ತಮ್ಮ ಆದೇಶವಾಗಿದೆ. ಕ್ವಾರಿಯ ಆಳ ನೂರಮೂವತ್ತು ಅಡಿ. ಆ ಆಳದಲ್ಲಿ ಒಂದೊಂದು ಉಸಿರಿಗೂ ಮೇಲಿನ ಐದು ಪಟ್ಟು ವಿಷ ಒಳಗೆ ಹೋಗುತ್ತದೆ. ಜೊತೆಗೆ ಅಮಲು ಬೇರೆ, ಹೀಲಿಯಂ ಬಲೂನಿನಲ್ಲಿ ಹೋಯಿತಲ್ಲ. ಎರಡಾಳು ನೀರಿನಿಂದ ಅವನು ಮೆಟ್ಟಿಲು ಹಿಡಿದು ಬಂದ. ಕ್ವಾರಿಯಲ್ಲಿ ಮೆಟ್ಟಿಲಿಲ್ಲ. ಅವನು ಮೇಲೆ ಬರುವುದಿಲ್ಲ.

ಇದನ್ನು ಹೇಳಲು ನಾನು ನಿಂಗರಾಜುವಿನ ಮನೆಗೆ ಹೋಗಿದ್ದೆ. ಅವನಿಗೆ ಇನ್ನೂ ನಿಂತರೆ ತಲೆ ತಿರುಗುತ್ತದೆ. "ಯಜಮಾನ್ರೇ ದವಾಖಾನಿ ಬಿಲ್ಲು ಕಟ್ಯಾರ ಅಕ್ಕ. ಈಗ ಬ್ಯಾಡ ಅಂದ್ರ ಹೆಂಗೆ? ಕೊಕ್ಕೆ ಹಾಕಿ ಬಂದ್ಬಿಡ್ತೀನಿ" ಎಂದ. ಬರುವುದಿಲ್ಲ ಕಣೋ ಎಂದೆ. ನಕ್ಕ. "ಪೂಜೆ ಮಾಡಿಸಿದ್ದು ಅಲ್ವೇನಕ್ಕ, ಏನಾಗ್ತೈತೆ?" ನಾನು ಹೊರಡುವಾಗ ಅವನ ಹೆಂಡತಿ ಸ್ವಾತಿ ಬಾಗಿಲವರೆಗೆ ಬಂದು, ಅವನಿಗೆ ಕೇಳದ ಹಾಗೆ, "ಆ ಸಿಲಿಂಡರ್ ಯಾವ್ದು ಅಂತ ನೋಡಿದ್ರ ಗೊತ್ತಾಗ್ತೈತೇನಕ್ಕ?" ಎಂದು ಕೇಳಿದಳು. ಕುಂಕುಮ ಹಚ್ಚಿರುತ್ತದೆ ಎಂದೆ. ರಸ್ತೆಗೆ ಬಂದು ಅತ್ತೆ. ಅರ್ಜಿಯಲ್ಲಿ ಇಂಥದ್ದನ್ನು ಬರೆಯುವ ಪದ್ಧತಿ ಇಲ್ಲವೆಂದು ಗೊತ್ತಿದ್ದೂ ಬರೆದಿದ್ದೇನೆ.

7. ಈಗ ಅಪಚಾರದ ಆರೋಪಕ್ಕೆ ಬರುತ್ತೇನೆ. ಅಪಚಾರ ನಡೆದಿರುವುದು ನಿಜ, ಆದರೆ ನನ್ನಿಂದಲ್ಲ. ಯಾವ ಪೂಜೆಯಲ್ಲೇ ಆಗಲಿ, ಮೊದಲ ಆರತಿ, ಮೊದಲ ತೀರ್ಥ, ಮೊದಲ ಪ್ರಸಾದ ಪೂಜೆ ಮಾಡಿಸಿದ ಯಜಮಾನರಿಗೆ. ಆಳುಕಾಳುಗಳಿಗೆ ಆಮೇಲೆ. ಈ ಕ್ರಮವನ್ನು ತಾವು ಭಟ್ಟಿಯಲ್ಲಿ ಒಂದು ವರ್ಷವೂ ತಪ್ಪಿಸಿದವರಲ್ಲ, ತಟ್ಟೆ ಬೇರೆಯವರ ಮುಂದೆ ಹೋದರೆ ಸಿಟ್ಟಾಗುವವರು. ಗಾಳಿಯ ವಿಷಯದಲ್ಲಿ ಮಾತ್ರ ತಾವು ಹಿಂದೆ ಸರಿದು ಮೊದಲ ಪಾಲನ್ನು ನಿಂಗರಾಜುವಿಗೆ ಕೊಟ್ಟಿದ್ದೀರಿ. ಇಷ್ಟು ದೊಡ್ಡ ಮನಸ್ಸು ತಮ್ಮಲ್ಲಿ ನಾವು ಯಾರೂ ಹಿಂದೆ ಕಂಡಿರಲಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಪ್ರಾರ್ಥಿಸುವುದೇನೆಂದರೆ:

(ಅ) ಸೋಮವಾರ ಬೆಳಿಗ್ಗೆ ತಾವು ಮನೆಯವರೆದುರು ಕುರ್ಚಿಯ ಮೇಲೆ ಕುಳಿತು, ನಿಂಗರಾಜು ಕ್ವಾರಿಯಲ್ಲಿ ಇರಬೇಕಾದಷ್ಟು ಹೊತ್ತು, ದೇವರ ಕೋಣೆಯ ಸಿಲಿಂಡರಿನ ಗಾಳಿಯನ್ನು ಉಸಿರಾಡಬೇಕು.

(ಆ) ಆಮೇಲೂ ತಮಗೆ ತಮ್ಮ ಹೆಸರು ತಪ್ಪಿಲ್ಲದೆ ಬರೆಯಲು ಬಂದರೆ, ಅದೇ ಪೆನ್ನಿನಿಂದ ನನ್ನನ್ನು ಕೆಲಸದಿಂದ ತೆಗೆಯಬಹುದು. ನಾನು ತಪ್ಪೊಪ್ಪಿಕೊಂಡು ಹೋಗುತ್ತೇನೆ.

(ಇ) ಕುಳಿತುಕೊಳ್ಳುವ ಮೊದಲೇ ಯಾಕೋ ಬೇಡ ಎನಿಸಿದರೆ, ಫೋನು ಮಾಡಿದರೆ ಸಾಕು, ಬಂದು ವಾಲ್ವು ತಿರುಗಿಸಿ ಹೋಗುತ್ತೇನೆ. ಯಾಕೆ ಬೇಡ ಎನಿಸಿತೆಂದು ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ.

ಕೆಲಸ ಉಳಿದಿರುವವರೆಗೆ ತಮ್ಮ ವಿಶ್ವಾಸಿ,
ರಶ್ಮಿತಾ

ಅಡಕಗಳು:
1. ಮೀಟರಿನ ಫೋಟೋ.
2. ವೈದ್ಯರ ಚೀಟಿಯ ನಕಲು. ರೋಗದ ಹೆಸರಿನ ಕೆಳಗೆ ಗೆರೆ ಎಳೆದಿದ್ದೇನೆ. ಅದು ದೆವ್ವದ ಹೆಸರಲ್ಲ.
3. ಗಾಳಿ ಎಳೆಯಲು ಬಾಯಲ್ಲಿ ಕಚ್ಚಿಕೊಳ್ಳುವ ರಬ್ಬರ್ ತುಂಡು, ಒಂದು. ಹೊಸದು, ಯಾರೂ ಕಚ್ಚಿದ್ದಲ್ಲ. ತಮ್ಮ ಅಳತೆ.

ವಿಶೇಷ ಸೂಚನೆ: ಅಡಕ 3ನ್ನು ಕಚ್ಚಿಕೊಂಡ ಮೇಲೆ ಮಾತನಾಡಲು ಬರುವುದಿಲ್ಲ. ಆದ್ದರಿಂದ ನಿಂಗರಾಜು ಇಳಿಯುವುದು ಬೇಡ ಎಂದು ಹೇಳುವುದಿದ್ದರೆ, ದಯವಿಟ್ಟು ಅದಕ್ಕೆ ಮೊದಲೇ ಹೇಳಬೇಕಾಗಿ ವಿನಂತಿ.